ಮಾನ್‌ಮಾನ್ ಕಚ್ಚುತ್ತಾಳೆ

ಬಾಯಿ ತುಂಬ ಹಲ್ಲುಜ್ಜುವ ನೊರೆ ಇರುವಾಗ ಯಾರ ಪ್ರಶ್ನೆಗೂ ಉತ್ತರ ಕೊಡಬಾರದು. ಲಿನ್‌ಶೆಂಗ್ ಕೊಟ್ಟ. ಅವನ ಆ ದಿನದ ಪಾಡೆಲ್ಲ ಶುರುವಾದದ್ದು ಅಲ್ಲಿಂದ.

ವಠಾರದ ನಲ್ಲಿಯ ಹತ್ತಿರ ಗಾವ್ ಅಕ್ಕ ಮೂಲಂಗಿ ತೊಳೆಯುತ್ತ ಕುಳಿತಿದ್ದಳು. ಅವಳ ಕೈ ಮೂಲಂಗಿಯ ಮೇಲಿದ್ದರೂ ಕಣ್ಣು ವಠಾರದ ಎಲ್ಲ ಬಾಗಿಲುಗಳ ಮೇಲೂ ಇರುತ್ತಿತ್ತು.

"ಏನೋ ಲಿನ್‌ಶೆಂಗ್, ಇವತ್ತೇ ಅಲ್ವೇನೋ, ಆ ನಾರ್ವೆಯವರು ಮಾನ್‌ಮಾನ್‌ನ ಕರ್ಕೊಂಡು ಹೋಗೋದು?"

ಲಿನ್‌ಶೆಂಗ್ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಹೌದು ಅಂದರೆ ಅಲ್ಲೇ ಗೊಳೋ ಎಂದು ಅತ್ತುಬಿಡುತ್ತಿದ್ದ. ಐವತ್ತೆಂಟರ ಗಂಡಸು, ಬೀಗ ರಿಪೇರಿಯವನು, ಗಾವ್ ಅಕ್ಕನ ಮೂಲಂಗಿಯ ಮುಂದೆ ಅಳುವುದು ಹೇಗೆ? ಅದಕ್ಕೆ ನೊರೆ ಉಗುಳಿ ಬಾಯಿಗೆ ಬಂದದ್ದು ಹೇಳಿದ: "ಕರ್ಕೊಂಡು ಹೋಗ್ಲಿ ಬಿಡಕ್ಕ. ಚೆನ್ನಾಗಿ ಕಚ್ಚಿಸ್ಕೊಳ್ತಾರೆ."

"ಕಚ್ತಾಳಾ? ಮಾನ್‌ಮಾನಾ?"

"ಹ್ಞೂಂ ಮತ್ತೆ. ನಾಯಿ ಹಂಗೆ."

ಅದು ಶುದ್ಧ ಸುಳ್ಳು. ಮಾನ್‌ಮಾನ್ ಎಂದರೆ ಚೀನೀ ಮಾತಿನಲ್ಲಿ ನಿಧಾನ, ಮೆಲ್ಲಮೆಲ್ಲಗೆ. ಅನಾಥಾಲಯದವರು ಕೈಯಗಲದ ಕೂಸನ್ನು ತಂದು ದತ್ತು ಹೋಗುವವರೆಗೆ ಸಾಕಿರೆಂದು ಗಂಡಹೆಂಡಿರ ಮಡಿಲಿಗೆ ಹಾಕಿದಾಗ ಅದರ ಮೇಲ್ತುಟಿ ಸೀಳಿತ್ತು. ಹಾಲು ಕುಡಿಯಲು ಅರ್ಧ ದಿನ ಹಿಡಿಯುತ್ತಿತ್ತು. ಆಗ ಲಿನ್‌ಶೆಂಗನ ಹೆಂಡತಿ ಯೂಮೇ ಇಟ್ಟ ಹೆಸರು ಅದು. ಈಗ ತುಟಿ ಹೊಲಿಸಿ ಆಗಿದೆ, ಮಗುವಿಗೆ ಮೂರು ತುಂಬಿದೆ. ಮೊಟ್ಟೆಯನ್ನು ಕಚ್ಚುವಾಗ ಕೂಡ ಅದಕ್ಕೆ ನೋವಾಯಿತೇ ಎಂದು ಕೇಳುವ ಜಾತಿಯವಳು.

ಗಾವ್ ಅಕ್ಕ ಮೂಲಂಗಿ ಕೆಳಗಿಟ್ಟಳು. "ಹಾಗಾದ್ರೆ ಅವರು ತಗೊಳ್ಳಲ್ಲ ಕಣೋ! ಅಷ್ಟು ದೂರದಿಂದ ವಿಮಾನ ಹತ್ತಿ ಬಂದಿದಾರೆ, ಕಚ್ಚೋ ಮಗು ಯಾಕೆ ತಗೋತಾರೆ? ಕಲ್ಲಂಗಡಿ ಹಣ್ಣನ್ನೇ ನಾನು ತಟ್ಟಿ ನೋಡಿ ತಗೊಳ್ತೀನಿ."

ಲಿನ್‌ಶೆಂಗನ ಎದೆಯಲ್ಲಿ ಏನೋ ಧಗ್ಗೆಂದಿತು. ತಾನೇ ಸಾಕಿಕೊಳ್ಳುತ್ತೇನೆಂದು ಎರಡು ಸಲ ದತ್ತು ಕಚೇರಿಗೆ ಹೋಗಿ ಕೈ ಮುಗಿದು ಬಂದಿದ್ದ. ವಯಸ್ಸಾಗಿದೆ, ಬೆಳೆದ ಮಗನಿದ್ದಾನೆ, ಸಾಕಬಹುದು, ಸ್ವಂತ ಮಾಡಿಕೊಳ್ಳುವಂತಿಲ್ಲ ಎಂದಿದ್ದರು. ಆದರೆ ಬಂದವರೇ ಬೇಡ ಅಂದರೆ? ಮಗು ಎಲ್ಲಿಗೆ ಹೋಗುತ್ತೆ? ಮನೆಗೇ ತಾನೆ?

ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ವಠಾರಕ್ಕೆಲ್ಲ ಸುದ್ದಿ ಹಬ್ಬಿತ್ತು. ನಿವೃತ್ತ ವೇಯ್ ಮೇಷ್ಟ್ರು ಪೈಜಾಮದಲ್ಲೇ ಇಳಿದುಬಂದರು. "ಕಚ್ಚಲ್ಲ ಅಂದ್ರೇನಂತೆ, ಕಲಿಸೋಣ. ನಲವತ್ತು ವರ್ಷ ಮಗ್ಗಿ ಕಲಿಸಿದೀನಿ, ಕಚ್ಚೋದು ಯಾವ ದೊಡ್ಡ ವಿದ್ಯೆ?" ಎಂದು ಮಗುವಿನ ಮುಂದೆ ಕೂತು ಹೆಬ್ಬೆರಳು ಚಾಚಿದರು. "ಕಚ್ಚು ಪುಟ್ಟಿ."

ಮಾನ್‌ಮಾನ್ ಬೆರಳನ್ನು ತಿರುಗಿಸಿ ನೋಡಿದಳು. ನೋವಾಗಿರಬೇಕು ಅಂದುಕೊಂಡು ಉಫ್ ಎಂದು ಊದಿದಳು.

"ದಡ್ಡಿ," ಎಂದರು ಮೇಷ್ಟ್ರು.

"ನೀವು ಸುಮ್ನಿರಿ ಮೇಷ್ಟ್ರೇ. ಮಕ್ಕಳು ನೋಡಿ ಕಲೀತಾರೆ," ಎಂದ ಗಾವ್ ಅಕ್ಕ ಲಿನ್‌ಶೆಂಗನ ತೋಳು ಹಿಡಿದು, ಅಂಗಿಯ ತೋಳು ಮೇಲೇರಿಸಿ, ಇದ್ದ ಹಲ್ಲನ್ನೆಲ್ಲ ಕೂಡಿಸಿ ಕಚ್ಚಿಯೇಬಿಟ್ಟಳು. ಲಿನ್‌ಶೆಂಗ್ ಕೂಗಿದ ಕೂಗಿಗೆ ಮಾಡಿನ ಪಾರಿವಾಳಗಳು ಎದ್ದವು. ಮಾನ್‌ಮಾನ್ ಚಪ್ಪಾಳೆ ತಟ್ಟಿ ನಕ್ಕಳು. ಬಂದು ತಾನೂ ಅಪ್ಪನ ತೋಳನ್ನು ಮೆಲ್ಲಗೆ ಕಚ್ಚಿದಳು, ಬೆಣ್ಣೆ ಕಚ್ಚಿದ ಹಾಗೆ.

"ಬಂತು ನೋಡು ವಿದ್ಯೆ!" ಎಂದಳು ಗಾವ್ ಅಕ್ಕ.

ಮೇಷ್ಟ್ರಿಗೆ ಸಮಾಧಾನವಿರಲಿಲ್ಲ. "ಇದಕ್ಕೆಲ್ಲ ಅವರು ಬಗ್ಗದಿದ್ರೆ, ಮೂರ್ಛೆ ಬರುತ್ತೆ ಅನ್ನು," ಎಂದು ಕಿವಿಯಲ್ಲಿ ಹೇಳಿ ಕಳಿಸಿದರು.

ಯೂಮೇ ಕೆಳಗಿಳಿದು ಬರಲೇ ಇಲ್ಲ. ಮೇಲಿನ ಮನೆಯಲ್ಲೇ ಮಗುವಿಗೆ ಕೆಂಪು ಹತ್ತಿಕೋಟು ತೊಡಿಸಿ, ಗುಂಡಿ ಹಾಕಿ, ಚೀಲ ಕೊಟ್ಟು, "ನನಗೆ ಬಸ್ಸಲ್ಲಿ ತಲೆ ಸುತ್ತುತ್ತೆ, ನೀವೇ ಹೋಗಿ ಬನ್ನಿ," ಅಂದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಇವಳೇನು ಹೆಂಗಸೋ, ಬೀಗದ ಕಬ್ಬಿಣವೋ ಎಂದುಕೊಂಡು ಲಿನ್‌ಶೆಂಗ್ ಬಸ್ಸು ಹತ್ತಿದ. ನಾನ್‌ಚಾಂಗ್ ಪಟ್ಟಣ ತಲುಪುವವರೆಗೂ ಮಗು ಅವನ ತೊಡೆಯ ಮೇಲೆ ಮಲಗಿತ್ತು. ತೊಡೆ ಜೋಮು ಹಿಡಿದರೂ ಅವನು ಅಲುಗಲಿಲ್ಲ.

ಕಚೇರಿಯ ಕೋಣೆಯಲ್ಲಿ ಅನಾಥಾಲಯದ ನಿರ್ದೇಶಕಿ ಚೂ, ದುಭಾಷಿ ಹುಡುಗಿ ಶಿಯಾ, ಮತ್ತು ನಾರ್ವೆಯಿಂದ ಬಂದ ಮೂವರು ಕಾಯುತ್ತಿದ್ದರು. ಗಂಡ ಆರ್ನೆ ದೀಪದ ಕಂಬದಷ್ಟು ಎತ್ತರ. ಹೆಂಡತಿ ಸೋಲ್ವೈ ಆಗಲೇ ಅತ್ತು ಮೂಗು ಕೆಂಪಾಗಿತ್ತು. ಜೊತೆಗೆ ಆರ್ನೆಯ ತಾಯಿ, ಹೆಣಿಗೆಯ ಕಡ್ಡಿ ಹಿಡಿದ ದಪ್ಪ ಮುದುಕಿ. ಒಂದು ಮಗುವನ್ನು ಒಯ್ಯಲು ಮನೆಮಂದಿಯೆಲ್ಲ ಬಂದಿದ್ದರು. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಲಿನ್‌ಶೆಂಗನಿಗೆ ಅನ್ನಿಸಿತು.

"ಅವರಿಗೆ ಹೇಳಮ್ಮ," ಎಂದ ಶಿಯಾಗೆ, "ಈ ಮಗು ಕಚ್ಚುತ್ತೆ."

ಶಿಯಾ ಹೇಳಿದಳು. ಮೂವರೂ ನಕ್ಕರು. "ಪರವಾಗಿಲ್ವಂತೆ. ಅವರ ಮನೇಲಿ ಆಡುಗಳಿವೆಯಂತೆ, ಅಭ್ಯಾಸ ಇದೆಯಂತೆ."

"ಸುಮ್ನೆ ಕಚ್ಚೋದಲ್ಲ, ಮಾಂಸ ಕಿತ್ಕೊಂಡು ಬರೋ ಹಂಗೆ. ನೋಡಿ!" ಎಂದು ತೋಳು ತೋರಿಸಿದ. ಗಾವ್ ಅಕ್ಕನ ಹಲ್ಲಿನ ಗುರುತು ನೀಲಿಗಟ್ಟಿತ್ತು. ಮುದುಕಿ ಕನ್ನಡಕ ಏರಿಸಿ ಗುರುತನ್ನು ನೋಡಿದಳು, ಮಗುವಿನ ಬಾಯಿಯನ್ನು ನೋಡಿದಳು, ಮತ್ತೆ ಹೆಣೆಯತೊಡಗಿದಳು.

ನಿರ್ದೇಶಕಿ ಚೂ ಹಲ್ಲು ಕಡಿದಳು. "ಏನ್ರೀ ನಾಟಕ ಇದು?"

ಲಿನ್‌ಶೆಂಗನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಕಣ್ಣು ಮುಚ್ಚಿ ಹೇಳಿಬಿಟ್ಟ: "ಇವಳಿಗೆ ಮೂರ್ಛೆ ಬರುತ್ತೆ."

ಶಿಯಾ ಅದನ್ನೂ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಆರ್ನೆ ಕುರ್ಚಿಯಲ್ಲಿ ಕುಸಿದ. ಗಂಡಹೆಂಡಿರು ತಮ್ಮ ಭಾಷೆಯಲ್ಲಿ ಪಿಸುಮಾತಾಡಿದರು, ನಡುವೆ ಸೋಲ್ವೈ ಮುಖ ಮುಚ್ಚಿಕೊಂಡಳು. ಕೊನೆಗೆ ಶಿಯಾ ತಲೆ ತಗ್ಗಿಸಿ ಹೇಳಿದಳು: "ಅವರಿರೋದು ಒಂದು ದ್ವೀಪದಲ್ಲಂತೆ. ಅಲ್ಲಿ ಆಸ್ಪತ್ರೆ ಇಲ್ಲ. ಚಳಿಗಾಲದಲ್ಲಿ ಗಾಳಿ ಎದ್ರೆ ದೋಣಿಯೂ ಬರಲ್ಲ. ಮೂರ್ಛೆ ಬರೋ ಮಗೂನ ಅಲ್ಲಿಗೆ ಕರ್ಕೊಂಡು ಹೋದ್ರೆ ಅದರ ಜೀವಕ್ಕೇ ಅಪಾಯ. ತುಂಬಾ ಸಂಕಟ ಆಗ್ತಿದೆಯಂತೆ. ಆದ್ರೆ... ಆಗಲ್ವಂತೆ."

ಆಗಲ್ವಂತೆ! ಲಿನ್‌ಶೆಂಗನ ಮೈಯೆಲ್ಲ ಹಗುರಾಯಿತು. ಚೀಲ ಎತ್ತಿಕೊಂಡ, ಮಗುವಿನ ಕೈ ಹಿಡಿದ. "ಪಾಪ, ಏನು ಮಾಡೋಕಾಗುತ್ತೆ. ಬಾ ಪುಟ್ಟಿ, ನಾಲ್ಕು ಗಂಟೆ ಬಸ್ಸಿದೆ, ಮನೆಗೆ ಹೋಗೋಣ."

"ಎಲ್ಲಿಗೆ?" ಎಂದಳು ಚೂ.

"ಮನೆಗೆ."

"ಯಾರ ಮನೆಗೆ? ಮೂರ್ಛೆ ರೋಗದ ಮಗೂನ ಸಾಕು ಮನೆಯಲ್ಲಿ ಬಿಡೋ ಹಾಗಿಲ್ಲ. ಗೊತ್ತಿದ್ದೂ ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ನಿಮ್ಮ ಮನೆಗೆ ಇನ್ನು ಯಾವ ಮಗೂನೂ ಕೊಡಲ್ಲ. ಇವಳು ನನ್ನ ಜೊತೆ ಬರ್ತಾಳೆ. ರೋಗಿ ಮಕ್ಕಳ ವಿಭಾಗ ಇದೆ, ಅಲ್ಲಿರ್ತಾಳೆ."

"ಎಷ್ಟು ದಿನ?"

ಚೂ ಮಗುವಿನ ಕಡತ ಮುಚ್ಚಿದಳು. ಆ ವಿಭಾಗವನ್ನು ಲಿನ್‌ಶೆಂಗ್ ಬಲ್ಲ. ಅಲ್ಲಿನ ಬೀಗಗಳನ್ನು ರಿಪೇರಿ ಮಾಡಿದ್ದವನೇ ಅವನು. ಸಾಲು ತೊಟ್ಟಿಲು; ಯಾರೂ ಎತ್ತಿಕೊಳ್ಳುವುದಿಲ್ಲವೆಂದು ಗೊತ್ತಾಗಿ ಅಳುವುದನ್ನೇ ಬಿಟ್ಟ ಮಕ್ಕಳು. ಬಾಗಿಲ ಬಳಿ ಕೂತು ತಿರುಪು ಬಿಗಿಯುತ್ತಿದ್ದಾಗ ಆ ಮೌನ ತಾಳದೆ, ಬೇಡದಿದ್ದರೂ ಸುತ್ತಿಗೆ ಕುಟ್ಟಿದ್ದ.

ಕೈಯಿಂದ ಚೀಲ ಜಾರಿತು.

"ಇಲ್ಲ ಇಲ್ಲ, ಸುಳ್ಳು! ಅಮ್ಮಾ ಶಿಯಾ, ಹೇಳು, ನಾನು ಸುಳ್ಳು ಹೇಳಿದ್ದು! ಮೂರ್ಛೆಯೂ ಇಲ್ಲ, ಗೀರ್ಛೆಯೂ ಇಲ್ಲ. ಕಚ್ಚೋದೂ ಇಲ್ಲ. ಇದು ಗಾವ್ ಅಕ್ಕ ಕಚ್ಚಿದ್ದು!"

"ಗಾವ್ ಅಕ್ಕ ಯಾರು?" ಎಂದಳು ಶಿಯಾ ಕಂಗಾಲಾಗಿ.

"ನಮ್ಮ ವಠಾರದವಳು. ಅರುವತ್ತು ವರ್ಷ."

ಶಿಯಾ ಅದನ್ನು ಹೇಗೆ ಹೇಳಿದಳೋ, ಆರ್ನೆ ಎದ್ದು ತನ್ನ ತಾಯಿಯನ್ನು ಲಿನ್‌ಶೆಂಗನಿಂದ ಸ್ವಲ್ಪ ದೂರ ಕೂರಿಸಿದ.

"ಈಗ ಯಾರು ನಂಬ್ತಾರ್ರೀ ನಿಮ್ಮನ್ನ?" ಎಂದಳು ಚೂ. "ವೈದ್ಯರ ಪರೀಕ್ಷೆ ಆಗ್ಬೇಕು. ಅಷ್ಟರಲ್ಲಿ ಇವರ ವಿಮಾನ ಹೊರಟು ಹೋಗಿರುತ್ತೆ."

ಬೆಳಿಗ್ಗೆಯಿಂದ ಮಗುವನ್ನು ಒಯ್ಯಬೇಡಿ ಎನ್ನಲು ದಾರಿ ಹುಡುಕಿದವನು ಈಗ ಒಯ್ಯಿರಿ ಎಂದು ಕೋಣೆಯ ಸುತ್ತ ಬೇಡತೊಡಗಿದ. ಸಂತೆಯಲ್ಲಿ ಕೋಳಿ ಮಾರುವವನೂ ಅಷ್ಟು ಹೊಗಳುವುದಿಲ್ಲ. "ಬಲು ಜಾಣೆ ಇವಳು. ಏನು ಕೊಟ್ರೂ ತಿಂತಾಳೆ. ಯಾರ ಕಿವಿ ಹಿಡ್ಕೊಂಡ್ರೂ ಸಾಕು, ನಿದ್ದೆ ಮಾಡ್ತಾಳೆ. ಇವರ ಕಿವಿ ದೊಡ್ಡದಿದೆ ನೋಡಿ, ಇನ್ನೂ ಚೆನ್ನಾಗಿ ಮಲಗ್ತಾಳೆ! ತಗೊಳ್ಳಿ, ದಮ್ಮಯ್ಯ, ಕರ್ಕೊಂಡು ಹೋಗಿ!" ಹೇಳುತ್ತ ಹೇಳುತ್ತ ಮುದುಕಿಯ ಕಾಲ ಬಳಿ ಕುಕ್ಕರಿಸಿ, ಬೆಳಿಗ್ಗೆ ತಡೆದಿದ್ದನ್ನೆಲ್ಲ ಅತ್ತುಬಿಟ್ಟ.

ಮಾನ್‌ಮಾನ್ ಓಡಿಬಂದಳು. ಅಪ್ಪ ಅಳುವುದನ್ನು ಅವಳು ಕಂಡಿರಲಿಲ್ಲ. ಬೆಳಗಿನ ಆಟ ನೆನಪಾಯಿತೋ ಏನೋ, ಅವನ ತೋಳನ್ನು ಮೆಲ್ಲಗೆ ಕಚ್ಚಿ, ನಗುತ್ತಾನೇನೋ ಎಂದು ಮುಖ ನೋಡಿದಳು.

"ನೋಡಿ, ಕಚ್ತಾಳೆ," ಎಂದಳು ಚೂ.

ಆಗ ಮುದುಕಿ ಹೆಣಿಗೆ ಪಕ್ಕಕ್ಕಿಟ್ಟು ಮೊದಲ ಸಲ ಬಾಯಿ ಬಿಟ್ಟಳು. ಶಿಯಾ ಅನುವಾದಿಸಿದಳು: "ಅಜ್ಜಿ ಕೇಳ್ತಿದಾರೆ, ಮಗೂಗೆ ಮೂರ್ಛೆ ಬಂದಾಗ ಏನಾಗುತ್ತೆ? ನೀವೇನು ಮಾಡ್ತೀರಿ?"

ಲಿನ್‌ಶೆಂಗ್ ತಬ್ಬಿಬ್ಬಾದ. ಮೂರ್ಛೆ ಎಂದರೆ ಏನೆಂದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. "ಅದು... ಬಿಕ್ಕಳಿಕೆ ಥರ ಬರುತ್ತೆ... ಬೆನ್ನು ತಟ್ಟಿ ಸಕ್ಕರೆ ಹಾಕ್ತೀನಿ."

ಮುದುಕಿ ಹೊಟ್ಟೆ ಕುಲುಕಿಸಿ ನಕ್ಕಳು. ಮಗನ ಕಡೆ ತಿರುಗಿ ನಾಲ್ಕು ಮಾತು ಹೇಳಿದಳು. ಶಿಯಾಳ ಮುಖ ಅರಳಿತು. "ಅಜ್ಜಿಯ ತಂಗಿಗೆ ಮೂರ್ಛೆ ರೋಗ ಇತ್ತಂತೆ. ಈ ಮನುಷ್ಯ ಜನ್ಮದಲ್ಲಿ ಮೂರ್ಛೆ ನೋಡಿಲ್ಲ ಅಂತಿದಾರೆ. ಇವನ ರೋಗ ಬೇರೆ, ಅದು ನನಗೆ ಗೊತ್ತು, ಮಗೂನ ಎತ್ಕೊಳ್ಳಿ ಅಂತಿದಾರೆ."

ಸೋಲ್ವೈ ನೆಲದ ಮೇಲೆ ಮಂಡಿಯೂರಿ ಎರಡೂ ಕೈ ಚಾಚಿದಳು. ಈಗ ಕಿರುಚುತ್ತಾಳೆ, ನನ್ನ ಕುತ್ತಿಗೆ ಬಿಡುವುದಿಲ್ಲ ಎಂದು ಲಿನ್‌ಶೆಂಗ್ ಕಾದ. ಮಾನ್‌ಮಾನ್ ಕಿರುಚಲಿಲ್ಲ. ತನ್ನ ಹೆಸರಿಗೆ ತಕ್ಕಂತೆ ಮೆಲ್ಲಮೆಲ್ಲಗೆ ನಡೆದುಹೋದಳು. ಆ ಕೆಂಪು ಮೂಗನ್ನು ಮುಟ್ಟಿ, ಸ್ಪಷ್ಟವಾಗಿ ಅಂದಳು:

"ಮಮ್ಮ."

ಅನುವಾದ ಬೇಕಾಗಲಿಲ್ಲ. ಆ ಮಾತು ಅವರ ಭಾಷೆಯಲ್ಲೂ ಅದೇ. ಸೋಲ್ವೈ ಮಗುವನ್ನು ಅಪ್ಪಿಕೊಂಡು ಬಿಕ್ಕಿದಳು. ಆರ್ನೆ ಕಿಟಕಿಯ ಕಡೆ ತಿರುಗಿದ. ಚೂ ಮತ್ತೆ ಪರೀಕ್ಷೆಯ ಮಾತೆತ್ತದೆ ಕಡತ ತೆರೆದು ಮೊಹರು ಒತ್ತಿದಳು. ಕೋಣೆಯಲ್ಲಿ ದಿಕ್ಕು ತೋಚದೆ ನಿಂತವನು ಲಿನ್‌ಶೆಂಗ್ ಒಬ್ಬನೇ. ಮನೆಯಲ್ಲಿ ಆ ಮಾತು ಯೂಮೇಯದಾಗಿತ್ತು. ಚಳಿಗಾಲ ಶುರುವಾದ ಮೇಲೆ ಮಗು ಹಾಗೆಂದು ಕರೆದರೆ ಯೂಮೇ ಓಗೊಡುವುದನ್ನೇ ನಿಲ್ಲಿಸಿದ್ದಳು. ಮಗು ಅತ್ತರೂ ತಿರುಗಿ ನೋಡುತ್ತಿರಲಿಲ್ಲ. ಅಜ್ಜಿ ಅಂದರೆ ಮಾತ್ರ ಬರುತ್ತಿದ್ದಳು. ಅದಕ್ಕಾಗಿ ಅವನು ಅವಳ ಜೊತೆ ಜಗಳವಾಡಿದ್ದ, ಒಂದು ರಾತ್ರಿ ಊಟ ಬಿಟ್ಟಿದ್ದ. ಕಚೇರಿಯವರು ಕಳಿಸಿದ್ದ ಸೋಲ್ವೈಯ ಫೋಟೋದ ಮುಂದೆ ಅವಳು ದಿನಾ ಮಗುವನ್ನು ಕೂರಿಸಿಕೊಳ್ಳುತ್ತಿದ್ದುದು ಯಾಕೆಂದು ಅವನಿಗೆ ಈಗ ತಿಳಿಯಿತು.

ಬಾಗಿಲ ಬಳಿ ಮುದುಕಿ ಅವನ ತೋಳಿನ ನೀಲಿ ಗುರುತನ್ನು ತಟ್ಟಿ ಏನೋ ಅಂದಳು. ಶಿಯಾ ಆಗ ಅಲ್ಲಿರಲಿಲ್ಲ. ಏನೆಂದಳೋ ಅವನಿಗೆ ತಿಳಿಯಲೇ ಇಲ್ಲ.

ವಠಾರಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ಗಾವ್ ಅಕ್ಕ, ಮೇಷ್ಟ್ರು ನಲ್ಲಿಯ ಬಳಿಯೇ ಕಾದಿದ್ದರು.

"ಏನಾಯ್ತೋ? ಬೇಡ ಅಂದ್ರಾ?"

"ಬೇಡ ಅಂದ್ರು."

"ಹೇಳಿರಲಿಲ್ವಾ ನಾನು! ಮತ್ತೆ ಮಗು ಎಲ್ಲೋ?"

"ಕಾಲು ಹಿಡಿದು ನಾನೇ ಕೊಟ್ಟು ಬಂದೆ," ಎಂದು ಲಿನ್‌ಶೆಂಗ್ ಮೆಟ್ಟಿಲು ಹತ್ತಿದ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಗಾವ್ ಅಕ್ಕ ಅವರ ಕೈ ಅದುಮಿದಳು.

ಯೂಮೇ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಅತ್ತಳಾ?"

"ಇಲ್ಲ."

"ಆ ಹೆಂಗಸನ್ನ ಏನಂತ ಕರೆದಳು?"

"ನೀನು ಕಲಿಸಿದ ಹಾಗೇ."

ಅವಳ ಹೆಗಲು ಒಮ್ಮೆ ಎದ್ದು ಇಳಿಯಿತು. "ಸರಿಯಾಗಿ ಅಂದಳಾ? ತೊದಲಲಿಲ್ಲ ತಾನೆ?"

"ಸರಿಯಾಗಿ ಅಂದಳು."

"ಒಂದೇ ಸಲಕ್ಕೆ?"

"ಒಂದೇ ಸಲಕ್ಕೆ," ಎಂದ ಲಿನ್‌ಶೆಂಗ್. ಬಂದು ಅವಳ ಪಕ್ಕ ನಿಂತು ಖಾಲಿ ಒಲೆಯನ್ನು ನೋಡತೊಡಗಿದ.