ಎಡಕ್ಕೆ ಜಗ್ಗುವ ಸುಳಿ

ಓದಿದವಳು ಊರಿಗೆ ಬಂದರೆ ಊರಿನವರೆಲ್ಲ ಅವಳಿಗೇ ಪಾಠ ಹೇಳುತ್ತಾರೆ. ನನಗೆ ಯಾವ ರಜೆಯಲ್ಲೂ ಇದು ತಪ್ಪಿದ್ದಲ್ಲ.

ನನ್ನ ಸಂಶೋಧನೆ ಇಷ್ಟೇ. ಕೂದಲಿಗಿಂತ ತೆಳ್ಳಗಿನ ಲೋಹದ ಪಟ್ಟಿಯಲ್ಲಿ ಕಾಂತದ ಪುಟ್ಟ ಸುಳಿಗಳಿರುತ್ತವೆ. ಕರೆಂಟ್ ಹಾಯಿಸಿ ಅವನ್ನು ನೆಟ್ಟಗೆ ಓಡಿಸಬೇಕು. ಓಡಿದರೆ ಮುಂದೆ ಕಂಪ್ಯೂಟರಿನ ಮಾಹಿತಿಯನ್ನೆಲ್ಲ ಅವುಗಳಲ್ಲೇ ಇಡಬಹುದು. ನನ್ನವು ಎಡಕ್ಕೆ ಸರಿದು, ಅಂಚಿಗೆ ತಾಗಿ ಮಾಯವಾಗುತ್ತಿದ್ದವು. ಈ ವರ್ಷ ಓಡಿಸದಿದ್ದರೆ ಪಿಎಚ್.ಡಿ. ಆಸೆ ಬಿಡು ಎಂದು ಗೈಡ್ ಹೇಳಿಬಿಟ್ಟಿದ್ದರು.

೧. ಸ್ಟಾರ್ಟರ್

ಹೊಳಗುಂದದ ಮನೆಯಲ್ಲಿ ಚಪ್ಪಲಿ ಬಿಟ್ಟೆನೋ ಇಲ್ಲವೋ, ದೊಡ್ಡಪ್ಪ ಬೋರಿನ ಸ್ಟಾರ್ಟರ್ ಡಬ್ಬಿ ತಂದು ಮುಂದಿಟ್ಟರು.

"ಕರೆಂಟಿನ ಮ್ಯಾಲ ಓದಾಕತ್ತೀದಿ. ಜರ ನೋಡು, ಏನಾಗೈತಿ?"

"ದೊಡ್ಡಪ್ಪಾ, ನಮ್ಮ ಕರೆಂಟ್ ಭಾಳ ಸಣ್ಣದು. ಅದಕ್ಕ ಬಲ್ಬ್ ಸುದ್ದಾ ಹತ್ತಂಗಿಲ್ಲ."

ದೊಡ್ಡಪ್ಪನ ಮುಖ ಅರಳಿತು. "ಹಂಗಾದ್ರ ನಮ್ಮ ಹೊಲದ ಲೈನಿನಿಂದನ ಒಯ್ದಾರ ಬಿಡು!"

೨. ನಿಂಬೆಹಣ್ಣು

ಸುಳಿ ಮಾಯವಾಗುತ್ತದೆ ಎಂದದ್ದಕ್ಕೆ ಅವ್ವ, "ಮಷೀನಿಗೆ ದೃಷ್ಟಿ ಆಗೈತಿ" ಎಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕೊಟ್ಟಳು. ಅವಳ ಮನಸ್ಸು ನೋಯಿಸಲಾರದೆ ಒಯ್ದು ಲ್ಯಾಬಿನ ಮೂಲೆಯಲ್ಲಿ ಕಟ್ಟಿದೆ. ಗೈಡ್ ಕಂಡು ಕೆಂಡವಾದರು. "ಇದು ಪ್ರಯೋಗಶಾಲೆ! ನಾಚಿಕೆ ಆಗೋದಿಲ್ವೇನಮ್ಮಾ?"

ನಾಳೆ ಬಿಚ್ಚುತ್ತೇನೆ ಎಂದವಳು ಮರೆತೆ. ಮುಂದಿನ ವಾರ ನೋಡಿದರೆ ಬಾಡಿದ ಹಣ್ಣು ಹೋಗಿ ಹೊಸದು ಬಂದಿತ್ತು. ಲ್ಯಾಬಿನ ಬೀಗದ ಕೈ ಇದ್ದದ್ದು ನಮ್ಮಿಬ್ಬರ ಹತ್ತಿರ ಮಾತ್ರ.

೩. ಜೋಡಿ

ನಿಂಬೆಹಣ್ಣಿಗೂ ಸುಳಿ ಬಗ್ಗಲಿಲ್ಲ. ಮುಂದಿನ ರಜೆಯಲ್ಲಿ ಬಂದು ಮೂಲೆ ಹಿಡಿದು ಕೂತೆ. ಸುಳಿ ನೆಟ್ಟಗೆ ಓಡುತ್ತಿಲ್ಲವೆಂದು ಕೇಳಿ ಅಪ್ಪ ಹತ್ತಿರ ಬಂದರು.

"ಯಾವ ಕಡೆ ಜಗ್ತೈತವ್ವಾ ಅದು?"

"ಎಡಕ್ಕ."

"ಯಾವಾಗ್ಲೂ ಎಡಕ್ಕನ?"

"ಹೂಂ."

"ಮತ್ಯಾಕ ಅಳ್ತಿ? ಬಲಕ್ಕ ಜಗ್ಗೋದೊಂದು ತಂದು ಜೋಡಿ ಹೂಡು. ನಮ್ಮ ಎತ್ತಿಗೆ ನಾ ಹಂಗ ಮಾಡಿದ್ದೆ."

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಪಟ್ಟಿಯ ಮೇಲೆ ಇನ್ನೊಂದು ಪದರ ಕೂರಿಸಿ, ಅದರಲ್ಲಿ ಬಲಕ್ಕೆ ಸರಿಯುವ ಸುಳಿಯನ್ನು ಇದಕ್ಕೆ ಜೋಡಿಸುವ ದಾರಿಯನ್ನು ನಾನೇ ಓದಿದ್ದೆ, ಕಷ್ಟವೆಂದು ಬಿಟ್ಟಿದ್ದೆ. ಲ್ಯಾಬಿಗೆ ಮರಳಿ ತಿಂಗಳುಗಟ್ಟಲೆ ಒದ್ದಾಡಿ ಅದನ್ನೇ ಮಾಡಿದೆ. ಒಂದು ಮಧ್ಯಾಹ್ನ ಎರಡೂ ಸುಳಿ ನೆಟ್ಟಗೆ ಓಡಿದವು. ಗೈಡ್ ಎದುರಿಗೇ ಅತ್ತುಬಿಟ್ಟೆ. ಪಿಎಚ್.ಡಿ. ಉಳಿಯಿತು.

ಕೂಡಲೇ ಫೋನ್ ಮಾಡಿದೆ. "ಅಪ್ಪಾ, ಓಡಿತು! ನೀ ಹೇಳಿದ್ದು ಖರೇ ಐತಿ. ಹೊರದೇಶದ ದೊಡ್ಡ ದೊಡ್ಡ ವಿಜ್ಞಾನಿಗಳೂ ಹಿಂಗ ಜೋಡಿ ಕಟ್ಟಿ ಓಡಿಸ್ಯಾರ."

ಅಪ್ಪ ಕೇಳಿದರು.

"ಹೌದಾ? ಅವರ ಮನ್ಯಾಗೂ ಎತ್ತು ಅದಾವೇನು?"