ಕುಂಡವಿಲ್ಲದ ಮನೆ

ಎಲ್ಲಕ್ಕೂ ಕಾರಣ ಒಂದು ಗಿಡದ ಕುಂಡ.

ಬಾಡಿಗೆಗೆ, ಮಾರಾಟಕ್ಕೆ ಇರುವ ಮನೆಗಳ ಫೋಟೋ ತಿದ್ದಿ ತೀಡಿ ಕೊಡುವುದು ಆ ಆಫೀಸಿನ ಕೆಲಸ. ಊರಿನ ಬ್ರೋಕರುಗಳೆಲ್ಲ ಅಲ್ಲಿಗೇ ಫೋಟೋ ಕಳಿಸುತ್ತಿದ್ದರು. ಕಿಟಕಿಯಾಚೆಯ ಬೂದು ಆಕಾಶಕ್ಕೆ ಒಬ್ಬ ನೀಲಿ ಬಳಿಯುತ್ತಿದ್ದ. ಇನ್ನೊಬ್ಬ ಕಿಷ್ಕಿಂಧೆಯಂಥ ಕೋಣೆಯನ್ನು ನಾಲ್ಕೂ ಕಡೆಗೆ ಎಳೆದು ಕುಸ್ತಿ ಅಖಾಡ ಮಾಡುತ್ತಿದ್ದ. ಗೋಡೆಯ ತೇವ, ಬಿರುಕು, ಕಲೆಗಳನ್ನು ಅಳಿಸುವವನಿಗೆ ತೇಪೆ ಎಂದು ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಕೇಳಿಬರುತ್ತಿರಲಿಲ್ಲ.

ಕೆಲವು ಕಲೆಗಳು ಬಂದ ನೆಂಟರ ಹಾಗೆ, ಏನು ಮಾಡಿದರೂ ಹೋಗುವುದಿಲ್ಲ. ಅಂಥವುಗಳ ಮುಂದೆ ತೇಪೆ ಒಂದು ಕುಂಡ ಇಟ್ಟುಬಿಡುತ್ತಿದ್ದ. ಅದು ಅವನ ಮನೆಯದೇ ಕುಂಡ. ಅವನ ಅತ್ತೆ ನೀರೆರೆದು ಬೆಳೆಸಿದ ಅಗಲ ಎಲೆಯ ಗಿಡ. ಅಸಲಿ ಗಿಡ ಒಣಗಿ ಯಾವ ಕಾಲವಾಗಿತ್ತೋ. ಆದರೆ ಊರಿನ ಅರ್ಧ ಮನೆಗಳ ಮೂಲೆಯಲ್ಲಿ ಅದು ಇನ್ನೂ ಹಚ್ಚಗೆ ನಿಂತಿತ್ತು. ಅವನ ಹೆಂಡತಿಗೆ ಅದರ ಎಲೆ ಎಲೆಯ ಗುರುತೂ ಇತ್ತು. ಈಚೆಗೆ ಮನೆ ಹುಡುಕುವ ಕಷ್ಟ ಬಂದಾಗಿನಿಂದ ಫೋನಿನಲ್ಲಿ ಮನೆಗಳ ಫೋಟೋ ನೋಡುತ್ತ, "ಇದೂ ನಿಮ್ಮದೇ, ಇದೂ ನಿಮ್ಮದೇ" ಎಂದು ಹೆಬ್ಬೆರಳಿನಿಂದ ತಳ್ಳುತ್ತ ಹೋಗುತ್ತಿದ್ದಳು. ಗಂಡನ ಕೈ ಬಿದ್ದ ಮನೆಗೆ ಕಾಲಿಡುವುದಿಲ್ಲ ಎಂದು ಅವಳ ಹಟ.

ಆ ಬೆಳಿಗ್ಗೆ ಬಾಸು ತೇಪೆಯ ಮೇಜಿನ ಮುಂದೆ ಬಂದು ನಿಂತರು. ಯಾರೋ ಹೆಂಗಸು ಫೋನ್ ಮಾಡಿ, ಐದು ಮನೆ ನೋಡಿದೆ, ಐದರಲ್ಲೂ ಒಂದೇ ಕುಂಡ, ಅಷ್ಟೂ ಮನೆಗಳಲ್ಲಿ ಒಬ್ಬರೇ ಬಾಡಿಗೆಗಿದ್ದರಾ ಎಂದು ಕೇಳಿದ್ದಳಂತೆ.

"ಇನ್ಮೇಲೆ ಆ ಕುಂಡ ಕಂಡ್ರೆ ಕುಂಡದ ಜೊತೆ ನೀನೂ ಹೊರಗೆ ಹೋಗ್ತೀಯ" ಎಂದರು ಬಾಸು. "ಬೇರೆ ಏನಾದ್ರೂ ಇಡು."

ಅವತ್ತಿನ ಮೊದಲ ಮನೆ ನೆಲಮಹಡಿಯ ಎರಡು ಕೋಣೆ. ಕಿಟಕಿ ತೆಗೆದರೆ ಕೈಗೆಟುಕುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಆ ಗೋಡೆಯಿಂದ ಬಟ್ಟೆ ಒಗೆಯುವ ಅಂಗಡಿಯ ಹಬೆ ಕೊಳವೆಯೊಂದು ಮೂತಿ ಚಾಚಿ ನೇರ ಕಿಟಕಿಯೊಳಕ್ಕೇ ಉಸಿರು ಬಿಡುತ್ತಿತ್ತು. ಒಳಗಿನ ಗೋಡೆಗಳು ಜ್ವರ ಬಿಟ್ಟವರ ಹಾಗೆ ಬೆವರಿದ್ದವು. ತೇಪೆ ಗೋಡೆಯನ್ನೂ ಕೊಳವೆಯನ್ನೂ ಕಿತ್ತು ಪಕ್ಕಕ್ಕಿಟ್ಟ. ಆ ಜಾಗದಲ್ಲಿ ಒಂದು ಕೆರೆ ತುಂಬಿಸಿದ, ಕೆರೆಯ ಹಿಂದೆ ಗುಡ್ಡ ನಿಲ್ಲಿಸಿದ. ಮೂಲೆಯ ಒಂದು ಕಲೆ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಅಭ್ಯಾಸಬಲದಿಂದ ಕೈ ಕುಂಡದ ಕಡೆ ಹೋಗಿ, ಬಾಸಿನ ಮುಖ ನೆನಪಾಗಿ ಹಿಂದೆ ಬಂತು.

"ಇದನ್ನ ಹಾಕಿ" ಎಂದು ಪಕ್ಕದ ಮೇಜಿನ ಹುಡುಗಿ ಒಂದು ಫೋಟೋ ಕಳಿಸಿದಳು. "ನಮ್ಮ ಚಿಕ್ಕಮ್ಮನ ಬೆಕ್ಕು. ಕೂತ ಕಡೆಯಿಂದ ಏಳೋದೇ ಇಲ್ಲ."

ಕಂದು ಬಣ್ಣದ ಬೆಕ್ಕು, ಸುರುಳಿ ಸುತ್ತಿ ಮಲಗಿತ್ತು. ಕಲೆಯ ಮೇಲೆ ಇಟ್ಟರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ತೇಪೆ ಅದನ್ನು ಕಳಿಸಿ ಮುಂದಿನ ಮನೆ ತೆರೆದ. ತೆರೆದವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

ಅದು ಅವನದೇ ಮನೆ.

ಓನರ್ ಹಿಂದಿನ ದಿನ ಬಂದು ಫೋಟೋ ತೆಗೆದು ಹೋಗಿದ್ದರು. ಒಣಗಲು ಹಾಕಿದ ಅವನ ಬನಿಯನ್, ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಒಂದು ಮೊಣಕಾಲು ಎಲ್ಲ ಬಂದಿದ್ದವು. ಓನರ್ ಮಾತು ಖಡಾಖಂಡಿತ: ಹೆಚ್ಚು ಬಾಡಿಗೆ ಕೊಡುವವರು ಸಿಕ್ಕರೆ ನೀವು ಬಿಡಬೇಕು, ಯಾರೂ ಬರದಿದ್ದರೆ ಹಳೇ ಬಾಡಿಗೆಯಲ್ಲೇ ಇನ್ನೊಂದು ವರ್ಷ ಇರಿ. ಅತ್ತೆಯ ಮೊಣಕಾಲಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಆ ಬೀದಿಯಲ್ಲಿ, ಆ ಬಾಡಿಗೆಗೆ, ದಿನವಿಡೀ ಬಿಸಿಲು ಬೀಳುವ ಕಿಟಕಿಯಿರುವ ನೆಲಮಹಡಿ ಇನ್ನೊಂದು ಸಿಗುವುದು ಕನಸಿನ ಮಾತು. ಆ ಮೊಣಕಾಲಿಗೆ ಆ ಬಿಸಿಲೇ ಔಷಧಿ.

ತೇಪೆ ಒಂದು ಗಳಿಗೆ ಕಾಲು ಕುಣಿಸುತ್ತ ಕೂತ. ಆಮೇಲೆ ಆಚೀಚೆ ನೋಡಿದ. ಇಷ್ಟು ವರ್ಷ ಊರವರ ಕಲೆಗಳನ್ನೆಲ್ಲ ಅಳಿಸಿದವನಿಗೆ ಒಂದು ಮನೆಗೆ ಕಲೆ ಹಚ್ಚುವುದು ಯಾವ ಮಹಾ ವಿದ್ಯೆ? ಹಳೆಯ ಫೋಟೋಗಳಿಂದ ಒಳ್ಳೊಳ್ಳೆಯ ಕಲೆಗಳನ್ನು ಆರಿಸಿ ತಂದ. ನಡುಮನೆಯ ಗೋಡೆಗೆ ಭೂಪಟದಂಥ ತೇವ, ಚಾವಣಿಗೆ ಈ ತುದಿಯಿಂದ ಆ ತುದಿಗೆ ಬಿರುಕು. ಪಕ್ಕದ ಮೇಜಿನ ಹುಡುಗಿ ಇಣುಕಿ, ಏನು ಎತ್ತ ಎಂದು ಕೇಳಿಕೊಂಡು, ಅಡುಗೆಮನೆಗೆ ತನ್ನ ಕಡೆಯಿಂದ ಸ್ವಲ್ಪ ಪಾಚಿ ಕೊಟ್ಟಳು. ಇನ್ನು ಉಳಿದದ್ದು ಬಿಸಿಲಿನ ಕಿಟಕಿ. ಬೆಳಿಗ್ಗೆ ಕಿತ್ತಿಟ್ಟ ಗೋಡೆ, ಕೊಳವೆ ಎರಡೂ ಅಲ್ಲೇ ಬಿದ್ದಿದ್ದವು. ಎತ್ತಿ ತಂದು ತನ್ನ ಕಿಟಕಿಗೆ ಅಡ್ಡ ನಿಲ್ಲಿಸಿದ. ಕೊನೆಗೆ, ಇಂಥ ಮನೆಯಲ್ಲಿ ಇರುವುದು ಅವರಿಗೆ ಅವಮಾನ ಎನ್ನಿಸಿ, ಅತ್ತೆಯ ಮೊಣಕಾಲನ್ನು ಗೌರವದಿಂದ ಅಳಿಸಿದ.

ಬಾಸು ಎಂದಿನಂತೆ ತೆರೆದೂ ನೋಡದೆ ಅಷ್ಟನ್ನೂ ಬ್ರೋಕರಿಗೆ ಕಳಿಸಿದರು. ಊಟದ ಹೊತ್ತಿಗೆ ಬ್ರೋಕರ್ ಫೋನ್ ಬಂತು. ಬಾಸು ಫೋಟೋ ತೆರೆದರು. ಅವರ ಮುಖ ತೇಪೆಯ ಗೋಡೆಯ ಬಣ್ಣಕ್ಕೆ ತಿರುಗಿತು. ಆದರೆ ಆಸಾಮಿ ಬೆಕ್ಕಿನ ಜಾತಿ, ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುವವರು.

"ಅದು ಬೇಕಂತಲೇ ಹಾಗೆ ಬಿಟ್ಟಿದ್ದು ಸಾರ್" ಎಂದರು ಫೋನಿಗೆ. "ತಿದ್ದದೇ ಇರೋ ಫೋಟೋ. ಜನಕ್ಕೆ ಸುಳ್ಳು ನೋಡಿ ನೋಡಿ ಸಾಕಾಗಿದೆ. ಒಂದ್ಸಲ ನಿಜ ತೋರ್ಸಿ ನೋಡಿ."

ಬ್ರೋಕರಿಗೆ ಮಾತು ರುಚಿಸಿತು. ಫೋಟೋದ ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದ: 'ಈ ಫೋಟೋದಲ್ಲಿ ಏನನ್ನೂ ತಿದ್ದಿಲ್ಲ.' ತೇಪೆ ಜೀವಮಾನದಲ್ಲಿ ಅಷ್ಟೊಂದು ತಿದ್ದಿದ ಫೋಟೋ ಇನ್ನೊಂದಿರಲಿಲ್ಲ.

ಬಾಸಿನ ಬೈಗುಳ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ತೇಪೆಯ ಫೋನು ನಡುಗಿತು. ಎದುರು ಮನೆಯ ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ಎಲೆ ಅಲುಗಿದರೂ ನಾಲ್ಕು ಮಂದಿಗೆ ತಿಳಿಸದಿದ್ದರೆ ಅವರಿಗೆ ನಿದ್ದೆ ಬಾರದು.

"ಏನಪ್ಪಾ, ನಿಮ್ಮನೆ ಮುಂದೆ ಜನ ಸೇರಿದಾರೆ. ನಿಮ್ಮ ಅತ್ತೆಗೇನಾದ್ರೂ ಆಯ್ತಾ ಅಂತ ಓಡಿ ಬಂದೆ. ಅವರು ಚೆನ್ನಾಗೇ ಇದಾರೆ, ಎಲ್ಲರಿಗೂ ಕಾಲು ಒರೆಸ್ಕೊಂಡು ಬನ್ನಿ ಅಂತಿದಾರೆ. ಮನೆ ನೋಡೋಕೆ ಬಂದವರಂತೆ. ನಿನ್ನ ಹೆಂಡ್ತಿಗೂ ಫೋನ್ ಮಾಡಿ ಹೇಳ್ಬಿಟ್ಟೆ, ಮನೆ ಹೋಯ್ತು ಅಂತಲೇ ತಿಳ್ಕೊಳಮ್ಮಾ ಅಂತ."

ತೇಪೆ ಹೊಟ್ಟೆನೋವು ಎಂದು ಹೇಳಿ ಓಡಿದ.

ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಫೋನನ್ನು ಗೋಡೆಗೆ ಹಿಡಿದು ಕಲೆ ಹುಡುಕುತ್ತಿದ್ದರು. ಒಬ್ಬ ಕುರ್ಚಿ ಹತ್ತಿ ಚಾವಣಿ ಸವರಿ, ಬಿರುಕು ಸಿಗದೆ ಮೋಸಹೋದವನಂತೆ ಇಳಿದ. ಇಷ್ಟು ದಿನ ಅರಮನೆ ನೋಡಿಕೊಂಡು ಹೋಗಿ ಹಂದಿಗೂಡು ಕಂಡವರು ಅವರು. ಹಂದಿಗೂಡು ನೋಡಿಕೊಂಡು ಬಂದು ಮನೆ ಕಂಡದ್ದು ಇದೇ ಮೊದಲು. ಎಲ್ಲರ ಮುಖದಲ್ಲೂ ಪರೀಕ್ಷೆ ಪಾಸಾದ ಕಳೆ. ಬಾಗಿಲಲ್ಲಿ ನಿಂತಿದ್ದ ಓನರ್ ಮೊದಲು ಫೋಟೋ ನೋಡಿ ಬ್ರೋಕರನ್ನು ಹುಡುಕಿಕೊಂಡು ಹೊಡೆಯಲು ಹೊರಟವರು, ಈಗ ತಲೆಗೊಂದು ಬಾಡಿಗೆ ಕೇಳಿಬರುತ್ತಿದ್ದಂತೆ ತಣ್ಣಗಾಗಿದ್ದರು.

ತೇಪೆ ಬಾಯಲ್ಲೇ ಕಲೆ ಹಚ್ಚಲು ಶುರುಮಾಡಿದ. ಇಲ್ಲಿ ನೀರು ಬರುವುದಿಲ್ಲ ಎಂದು ಪಕ್ಕದಲ್ಲಿದ್ದವನ ಕಿವಿಯಲ್ಲಿ ಹೇಳಿದ.

"ಏನು ಅಳಿಯಂದ್ರೇ ಹಾಗಂತೀರಿ" ಎಂದರು ಅತ್ತೆ ಕುರ್ಚಿಯಿಂದಲೇ. ತಾವು ಗುಡಿಸಿ ಒರೆಸಿದ ಮನೆಯನ್ನು ದೇವರೇ ಬಂದು ಹಳಿದರೂ ಅವರು ಸುಮ್ಮನಿರುವವರಲ್ಲ. "ಬೆಳಿಗ್ಗೆ ಟ್ಯಾಂಕು ತುಂಬಿ ಹರೀತಲ್ಲ."

ರಾತ್ರಿಯೆಲ್ಲ ಗಲಾಟೆ, ಕಣ್ಣು ಮುಚ್ಚುವ ಹಾಗಿಲ್ಲ ಎಂದ. ಅದಕ್ಕೆ ಮೇಷ್ಟ್ರು ಮುಂದೆ ಬಂದು, ತಾವು ಇಪ್ಪತ್ತು ವರ್ಷದಿಂದ ಎದುರಿಗೇ ಇದ್ದೇವೆ, ಈ ಬೀದಿಯಲ್ಲಿ ಗಲಾಟೆ ಎಂದರೆ ಈತನ ಗೊರಕೆಯೊಂದೇ, ಈತ ಖಾಲಿ ಮಾಡಿದರೆ ಅದೂ ಇಲ್ಲ ಎಂದು ಸಭೆಗೆ ತಿಳಿಸಿದರು.

ಕಿಟಕಿಯ ಬಿಸಿಲಿನಲ್ಲಿ ಗಂಡ ಹೆಂಡತಿ ಇಬ್ಬರು ಆಗಿನಿಂದ ಅಲುಗದೆ ನಿಂತಿದ್ದರು, ಚಳಿಗೆ ಒಲೆ ಸಿಕ್ಕವರ ಹಾಗೆ. ಗಂಡ ಗಿಡ್ಡ, ಹೆಗಲಿಗೆ ಚೀಲ. ತೇಪೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಇರೋರೇ ಬಿಡೋಕೆ ಇಷ್ಟು ಒದ್ದಾಡ್ತಾರೆ ಅಂದ್ರೆ ಮನೆ ಚೆನ್ನಾಗೇ ಇರ್ಬೇಕು" ಎಂದವನೇ ಓನರ್ ಕಡೆ ತಿರುಗಿ, ಉಳಿದವರೆಲ್ಲರಿಗಿಂತ ಹೆಚ್ಚಿನ ಬಾಡಿಗೆಗೆ ಒಪ್ಪಿಕೊಂಡ. ಓನರ್ ಕೈ ಕುಲುಕಿದರು. ಜನ ಕರಗಿದರು. ಅಷ್ಟೇ, ಮುಗಿದುಹೋಯಿತು.

ಗಿಡ್ಡನಿಗೆ ಪಾಪ ಎನ್ನಿಸಿತೋ ಏನೋ, ಹೊರಡುವ ಮುಂಚೆ ತೇಪೆಯ ಹತ್ತಿರ ಬಂದ. ಫೋಟೋದ ಕಿಟಕಿಯಲ್ಲಿ ಗೋಡೆ, ಕೊಳವೆ ನೋಡಿದಾಗ ತಮ್ಮ ಮನೆಯನ್ನೇ ನೋಡಿದ ಹಾಗಾಯಿತು, ಹೇಗೂ ಅಭ್ಯಾಸವಿದೆ, ಇಲ್ಲಿ ಕೋಣೆಯಾದರೂ ದೊಡ್ಡದು ಎಂದು ಬಂದೆವು ಎಂದ.

"ಆರು ವರ್ಷ ಹಬೆ ಕುಡಿದಿದೀವಿ ಸಾರ್. ಇಡ್ಲಿಗಳ ಹಾಗೆ ಬೆಂದುಹೋಗಿದೀವಿ. ಈಗ ಆ ಮನೆ ಫೋಟೋ ಹಾಕಿದಾರೆ, ಯಾವನು ಮಾಡಿದ್ದೋ, ಕಿಟಕೀಲಿ ಕೆರೆ, ಗುಡ್ಡ. ನಾವೇ ವಾಪಸ್ ಹೋಗೋಣ ಅನ್ನಿಸಿಬಿಡ್ತು. ಈಗಷ್ಟೇ ಬ್ರೋಕರ್ ಕೀ ಬೇಕು ಅಂತ ಫೋನ್ ಮಾಡಿದ್ದ. ಯಾರೋ ಬಕರಾ ಮನೇನೂ ನೋಡದೆ ಅಡ್ವಾನ್ಸ್ ಹಾಕಿದಾರಂತೆ."

ಅಂಥ ಹೊತ್ತಿನಲ್ಲೂ ತೇಪೆಗೆ ಒಳಗೊಳಗೇ ಹೆಮ್ಮೆಯಾಯಿತು. ತನ್ನ ಕೆರೆಗೆ ಇಷ್ಟು ಬೇಗ ಯಾರೋ ಬಿದ್ದಿದ್ದರು. ಬೆಳಗಿನಿಂದ ಮೊದಲ ಬಾರಿಗೆ ಅವನು ನಕ್ಕ. ಗಿಡ್ಡನೂ ನಕ್ಕ. "ಜನಕ್ಕೆ ಬುದ್ಧಿ ಅನ್ನೋದೇ ಇರಲ್ಲ ನೋಡಿ" ಎಂದು ತೇಪೆ ಅವನನ್ನು ಗೇಟಿನವರೆಗೂ ಬಿಟ್ಟು ಬಂದ.

ಸಂಜೆ ಹೆಂಡತಿ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಳು. ಮನೆ ಹೋದ ಸುದ್ದಿಯನ್ನು ಹೇಗೆ ಹೇಳುವುದೆಂದು ಅವನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಳೆಯುತ್ತಿದ್ದ. ಅವಳ ಮುಖದಲ್ಲಿ ಮಾತ್ರ ಚಿಂತೆಯ ಸುಳಿವೂ ಇರಲಿಲ್ಲ.

"ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದಳು. "ಮೇಷ್ಟ್ರು ಫೋನ್ ಮಾಡಿದ ಕೂಡ್ಲೇ ನಾನು ಕೆಲಸ ಮುಗಿಸಿಬಿಟ್ಟೆ. ನೆಲಮಹಡೀನೇ. ಅಮ್ಮಂಗೆ ಮೆಟ್ಟಿಲಿಲ್ಲ. ತಡ ಮಾಡಿದ್ರೆ ಅದೂ ಹೋಗೋದು. ಕೈಲಿದ್ದಿದ್ದನ್ನೆಲ್ಲ ಅಡ್ವಾನ್ಸ್ ಹಾಕ್ಬಿಟ್ಟೆ, ವಾಪಸ್ ಕೊಡಲ್ಲ ಅಂದ್ರು, ಪರವಾಗಿಲ್ಲ ಅಂದೆ."

ತೇಪೆಯ ಅಳತೆ ಅರ್ಧಕ್ಕೇ ನಿಂತಿತು. "ಮನೆ ನೋಡದೇನೆ?"

"ನನ್ನನ್ನೇನು ಪೆದ್ದಿ ಅನ್ಕೊಂಡ್ರಾ?" ಅವಳು ಫೋನ್ ತೆಗೆದು ಅವನ ಮುಖಕ್ಕೆ ಹಿಡಿದಳು. "ನಿಮ್ಮ ಕೈ ಬಿದ್ದಿದೆಯಾ ಅಂತ ಮೂಲೆ ಮೂಲೇನೂ ದೊಡ್ಡದು ಮಾಡಿ ನೋಡಿದೀನಿ. ಎಲ್ಲಾದ್ರೂ ಕುಂಡ ಇದೆಯಾ, ನೀವೇ ಹೇಳಿ."

ಕುಂಡ ಇರಲಿಲ್ಲ. ಕೆರೆ ಇತ್ತು, ಗುಡ್ಡ ಇತ್ತು. ಮೂಲೆಯಲ್ಲಿ ಕಂದು ಬೆಕ್ಕು ಯಾವ ಚಿಂತೆಯೂ ಇಲ್ಲದೆ ಮಲಗಿತ್ತು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕೆರೆ ದಂಡೆಯಲ್ಲಿ ಮೊಣಕಾಲಿಗೆ ಬಿಸಿಲು ಚೆನ್ನಾಗಿ ಬೀಳಬಹುದು ಎಂದರು. ಬೆಕ್ಕನ್ನು ಕಂಡು ಅವರ ಮುಖ ಅರಳಿತು. ಗಿಡ ಒಣಗಿದಾಗಿನಿಂದ ಅವರಿಗೆ ನೋಡಿಕೊಳ್ಳಲು ಏನೂ ಇರಲಿಲ್ಲ.

"ಬೆಕ್ಕಿನ ವಿಷಯಾನೂ ಕೇಳಿದೆ ಅಮ್ಮಾ" ಎಂದಳು ಮಗಳು. "ಮನೆ ಜೊತೆಗೇ ಬರುತ್ತೆ ಅಂದ್ರು ಬ್ರೋಕರು."

ತೇಪೆ ಬಿಸಿಲಿನ ಕಿಟಕಿಯ ಹತ್ತಿರ ಹೋಗಿ ನಿಂತ. ಕೆರೆ ತೋಡುವುದು ತನ್ನಿಂದಾಗದು, ಗುಡ್ಡ ಎತ್ತುವುದಂತೂ ಮೊದಲೇ ಆಗದು. ಆ ಫೋಟೋದಲ್ಲಿರುವುದರಲ್ಲಿ ಒಂದನ್ನಾದರೂ ನಿಜ ಮಾಡಬಹುದೇನೋ ಎಂದುಕೊಂಡು, ಚಿಕ್ಕಮ್ಮನ ಬೆಕ್ಕನ್ನು ಕೊಡಿಸುತ್ತೀಯಾ ಎಂದು ಪಕ್ಕದ ಮೇಜಿನ ಹುಡುಗಿಗೆ ಮೆಸೇಜು ಕಳಿಸಿದ.

ಉತ್ತರ ತಕ್ಷಣ ಬಂತು.

"ಅದು ಹೋಗಿ ಎರಡು ವರ್ಷ ಆಯ್ತಲ್ಲ. ಫೋಟೋ ಬೇಕಾದ್ರೆ ಇನ್ನೂ ನಾಲ್ಕಿದೆ."