ಬಿಟ್ಟ ಸ್ಥಳ ನನ್ನದು, ತುಂಬಿದವರು ಬೇರೆ

ನಮ್ಮ ಮನೆಯಲ್ಲಿ ಬಿಟ್ಟ ಸ್ಥಳವೆಂಬುದು ಒಂದು ಗಂಟೆಯೂ ಖಾಲಿ ಉಳಿಯುವುದಿಲ್ಲ. ಯಾರಾದರೊಬ್ಬರು ತುಂಬಿಯೇ ಹೋಗುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಮಿಷಿಗನ್ನಿನ ನಮ್ಮ ಊರಿನ ಗ್ರಂಥಾಲಯದಲ್ಲಿ ಪ್ರತಿ ಮಂಗಳವಾರ ಇಂಗ್ಲಿಷ್ ಹೇಳಿಕೊಡುತ್ತಾರೆ. ಹಾಳೆಯ ಮೇಲೆ ಒಂದು ಪುಟ್ಟ ಕಥೆ, ನಡುನಡುವೆ ಬಿಟ್ಟ ಸ್ಥಳಗಳು. ಮನೆಗೆ ಒಯ್ದು, ಓದಿ, ಪೆನ್ಸಿಲಿನಿಂದ ತುಂಬಿ ತರಬೇಕು. ಅಲ್ಲಿರುವುದು ಹನ್ನೆರಡೇ ಕುರ್ಚಿ. ಟೀಚರಮ್ಮ ಮೊದಲ ದಿನವೇ ನಿಧಾನವಾಗಿ, ಬೆರಳು ಮಡಿಸಿ ಮಡಿಸಿ ತಿಳಿಸಿದ್ದರು: “ತಪ್ಪಾದರೂ ನೀವೇ ಬರೆಯಿರಿ. ಸತತ ಮೂರು ಹಾಳೆ ಪೂರ್ತಿ ಸರಿಯಾದರೆ ನಿಮಗೆ ಈ ತರಗತಿ ಬೇಡ. ಕಾಯುತ್ತಿರುವವರಿಗೆ ಕುರ್ಚಿ ಬಿಟ್ಟುಕೊಡಬೇಕು.”

ಇಡೀ ವಾರದಲ್ಲಿ ಯಾರದೋ ಹೆಂಡತಿ, ಯಾರದೋ ತಾಯಿ ಎನ್ನದೆ ನನ್ನ ಹೆಸರು ಹಿಡಿದು ಕರೆಯುವ ಸ್ಥಳ ಅದೊಂದೇ. ಆ ಕುರ್ಚಿಯನ್ನು ನಾನೇಕೆ ಬಿಡಲಿ?

ಪೆನ್ನಿನ ಉಪಕಾರ

ಮೊದಲನೆಯ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು ಒಗ್ಗರಣೆಗೆ ಎದ್ದೆ. ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ನಮ್ಮ ಯಜಮಾನರು ಹತ್ತೂ ಸ್ಥಳಗಳನ್ನು ತುಂಬಿಬಿಟ್ಟಿದ್ದರು. ಅದೂ ಅಳಿಸಲಾಗದ ಪೆನ್ನಿನಲ್ಲಿ! ಅವರು ವಾರೆನ್‌ನಲ್ಲಿ ಕಾರು ವಿನ್ಯಾಸ ಮಾಡುವ ಇಂಜಿನಿಯರು; ಅವರ ಕಣ್ಣಿಗೆ ಬಿದ್ದ ಯಾವುದೂ ಅರ್ಧಕ್ಕೆ ನಿಲ್ಲಬಾರದು.

“ಏನ್ರೀ ಇದು?”

“ಬಿಡು, ನಿನಗೆ ಟೈಮ್ ಸೇವ್ ಮಾಡಿದೆ.”

“ನನಗೆ ಟೈಮು ಬೇಕಾದಷ್ಟಿದೆ ಕಣ್ರೀ. ಇಲ್ಲದೇ ಇರೋದು ಇಂಗ್ಲಿಷು.”

ಅವರು ಪೆನ್ನಿನ ಮುಚ್ಚಳ ಹಾಕಿ, “ಥ್ಯಾಂಕ್ಸ್ ಹೇಳೋದಕ್ಕೂ ಬರಲ್ಲ ನೋಡು ನಿನಗೆ” ಎಂದರು.

ಕುರ್ಚಿಯಲ್ಲಿ ಕೂತ ತಾಯಿ

ಎರಡನೆಯ ಹಾಳೆಯನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟು, ಮೂರು ದಿನ ಕುಳಿತು ನಾನೇ ತುಂಬಿದೆ. ಭಾನುವಾರದ ಬೆಳಗ್ಗೆ ತಂದೆ ತಿಂಡಿ ಮಾಡುತ್ತಾನೆ, ಮಕ್ಕಳು ತಟ್ಟೆ ತೊಳೆಯುತ್ತಾರೆ, ತಾಯಿ ಕುರ್ಚಿಯಲ್ಲಿ ಕುಳಿತಿದ್ದಾಳೆ, ಏಕೆಂದರೆ ಅವಳು… ಎಂದು ಸ್ಥಳ ಬಿಟ್ಟಿದ್ದರು. ನಾನು ಯೋಚಿಸಿ, ಅವಳಿಗೆ ಕಾಯಿಲೆಯೆಂದು ಬರೆದೆ.

ಹೈಸ್ಕೂಲಿಗೆ ಹೋಗುವ ಮಗಳು ಅದನ್ನು ಹೇಗೋ ಪತ್ತೆಹಚ್ಚಿ, ಎಲ್ಲವನ್ನೂ ರಬ್ಬರಿನಿಂದ ಉಜ್ಜಿ ತಾನೇ ತುಂಬಿದಳು. ಅವಳ ಪ್ರಕಾರ ತಾಯಿ ಪುಸ್ತಕ ಓದುತ್ತಿದ್ದಾಳಂತೆ.

“ಅಮ್ಮಾ, ಹೂ ಸೆಡ್ ಶೀ ಈಸ್ ಸಿಕ್?”

“ಅಲ್ವೇ, ಅಪ್ಪ ಅಡುಗೆಮನೇಲಿ, ಮಕ್ಕಳು ಸಿಂಕ್ ಹತ್ರ. ತಾಯಿ ಹಾಸಿಗೆ ಹಿಡೀದೆ ಯಾವ ಮನೇಲಿ ಹೀಗೆ ನಡೆಯತ್ತೆ, ತೋರಿಸು ನೋಡೋಣ!”

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಟೀವಿಯ ಸದ್ದು ಹೆಚ್ಚಿಸಿದರು.

ಆರಿದ ಉಪ್ಪಿಟ್ಟು

ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಯಜಮಾನರ ಸ್ನೇಹಿತರೊಬ್ಬರು ತಿಂಡಿಗೆ ಬಂದರು; ವೃತ್ತಿಯಲ್ಲಿ ಡಾಕ್ಟರು. ಫ್ರಿಜ್ಜಿಗೆ ಅಂಟಿಸಿದ್ದ ಮೂರನೆಯ ಹಾಳೆಯನ್ನು ಕಿತ್ತು ತಂದು ಮೇಜಿನ ಮೇಲೆ ಹರಡಿದರು. ಒಂದೇ ಒಂದು ಬಿಟ್ಟ ಸ್ಥಳಕ್ಕೆ ಅವರಿಗೂ ನಮ್ಮವರಿಗೂ ವಾದ ಹತ್ತಿತು. ಇಬ್ಬರೂ ಫೋನು ತೆಗೆದರು. ಎರಡು ಫೋನುಗಳೂ ಬೇರೆಬೇರೆ ಹೇಳಿದವು. ಉಪ್ಪಿಟ್ಟು ಆರಿ ಕಲ್ಲಾಯಿತು. ನಾನು ಕಾಫಿ ಹಿಡಿದು ಕಂಬದಂತೆ ನಿಂತಿದ್ದೆ. ಕೊನೆಗೆ ಮಗಳು ಒಳಗಿನಿಂದ ಬಂದು ತೀರ್ಪು ಕೊಟ್ಟಳು. ಡಾಕ್ಟರು ಉಳಿದದ್ದನ್ನೂ ಅವಳಿಂದಲೇ ತುಂಬಿಸಿದರು.

“ಭಾಳಾ ಟಫ್ ಇದೆಯಲ್ಲಮ್ಮಾ ನಿನ್ನ ಹೋಮ್‌ವರ್ಕು!”

“ಅಂಕಲ್, ಇಟ್ಸ್ ನಾಟ್ ಮೈನ್. ಇಟ್ಸ್ ಅಮ್ಮಾಸ್.”

ಅವರು ನನ್ನತ್ತ ತಿರುಗಿ, ಮಗುವಿಗೆ ಸೂಜಿ ಚುಚ್ಚುವ ಮುನ್ನ ಆಡುವ ದನಿಯಲ್ಲಿ ಹೇಳಿದರು: “ಏನೂ ಹೆದರ್ಕೋಬೇಡಿ ಅತ್ತಿಗೆ. ತುಂಬಾ ಈಸಿ ಇದು.”

ಎರಡು ಮಾತು

ಮೂರು ಹಾಳೆಗಳೂ ಪೂರ್ತಿ ಸರಿ. ಟೀಚರಮ್ಮ ಕೈಕುಲುಕಿ ಅಭಿನಂದಿಸಿ, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಆ ಉತ್ತರಗಳು ನನ್ನವಲ್ಲ ಎನ್ನುವುದಕ್ಕೆ ಬೇಕಾದ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದರ ಮೊದಲ ಪದವೇ ಮರೆತುಹೋಯಿತು. ನನ್ನ ಮುಖ ಕಂಡು ಅವರಿಗೆ ಏನೋ ಅನುಮಾನ ಬಂದಿರಬೇಕು.

“ಮನೆಯಲ್ಲಿ ಈ ಹಾಳೆಗಳನ್ನು ತುಂಬುವವರು ಯಾರು?” ಎಂದು ಕೇಳಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ, ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದ ಯಜಮಾನರು ಉತ್ತರಿಸಿಯೇಬಿಟ್ಟರು: “ಅವಳೇ, ಮೇಡಂ. ನಾವ್ಯಾರೂ ಹೆಲ್ಪ್ ಮಾಡುವುದಿಲ್ಲ.”

“ನಾನು ಕೇಳಿದ್ದು ಅವರನ್ನು.”

“ಹೌದು ಮೇಡಂ, ಅವಳು ಹೇಳುವುದೂ ಅದನ್ನೇ.”

ಟೀಚರಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಪಟ್ಟಿಯನ್ನು ಮತ್ತೆ ಎಳೆದುಕೊಂಡು, ಗೆರೆ ಬಿದ್ದಿದ್ದ ನನ್ನ ಹೆಸರನ್ನು ಕೆಳಗೆ ಹೊಸದಾಗಿ, ದೊಡ್ಡ ಅಕ್ಷರಗಳಲ್ಲಿ ಬರೆದರು. ಮುಂದಿನ ಹಾಳೆಯನ್ನು ನಾನು ಅಲ್ಲೇ, ತಮ್ಮೆದುರೇ ಕುಳಿತು ತುಂಬಬೇಕೆಂದರು.

ಕಾರು ಹೊರಟಿತು. ಯಜಮಾನರ ಮುಖದಲ್ಲಿ ತೃಪ್ತಿಯೋ ತೃಪ್ತಿ.

“ನೋಡಿದ್ಯೇನೇ? ನಾನು ಎರಡು ಮಾತು ಆಡಿದ್ದಕ್ಕೆ ನಿನ್ನ ಸೀಟು ಉಳೀತು!”